ಗವಿಯ ಕೆಚ್ಚಲುಗಲ್ಲು

ನಾನು ಚಿಕ್ಕವನಿದ್ದಾಗ ಬೇಸಿಗೆ ಬಂತೆಂದರೆ ಗುಂಡುಮಾಲ್ ಹತ್ತಿರದ ನಮ್ಮ ಮನೆಗೆ ಬೀಗ ಬೀಳುತ್ತಿತ್ತು. ಅಪ್ಪ, ಅವ್ವ, ಅಕ್ಕ, ನಾನು ಎಲ್ಲರೂ ಕುರಿಗಳ ಹಿಂದೆ ಹೊರಡುತ್ತಿದ್ದೆವು. ಗದ್ವಾಲ ದಾಟಿ ಉಂಡವಳ್ಳಿ ಕಡೆಯ ಹೊಲಗಳಲ್ಲಿ ಕುರಿ ನಿಲ್ಲಿಸುವುದು ನಮ್ಮ ವಾಡಿಕೆ. ಹೊಲದವರಿಗೆ ಗೊಬ್ಬರ, ನಮಗೆ ಜೋಳ. ಮಕ್ಕಳೇ, ನಿಮಗೆ ಇದು ಪ್ರವಾಸದಂತೆ ಕೇಳಿಸಬಹುದು. ಮುಳ್ಳು ತುಳಿದ ನನ್ನ ಕಾಲುಗಳನ್ನು ಕೇಳಿ, ಅವು ಬೇರೆಯೇ ಹೇಳುತ್ತವೆ.

ಆ ದಾರಿಯಲ್ಲಿ ಒಂದು ಸುಣ್ಣಕಲ್ಲಿನ ಗುಡ್ಡ, ಅದರೊಳಗೆ ಒಂದು ಗವಿ. ಬಗ್ಗಿ ಒಳಗೆ ಹೋದರೆ ತಣ್ಣನೆಯ ಗಾಳಿ, ಮೂಗಿಗೆ ಬಡಿಯುವ ಬಾವಲಿ ವಾಸನೆ. ಮೇಲಿನಿಂದ ಬಿಳಿ ಕಲ್ಲೊಂದು ಇಳಿಬಿದ್ದಿತ್ತು. ಮೇಲೆ ದುಂಡಗೆ, ಕೆಳಗೆ ಎರಡು ತೊಟ್ಟು. ಉರಿಬಿಸಿಲಿನ ದಿನಗಳಲ್ಲೂ ಆ ತೊಟ್ಟುಗಳಿಂದ ನೀರು ಹನಿಯುತ್ತಿತ್ತು. ಕುರಿ ಕಾಯುವವರು ಅದಕ್ಕೆ ಕೆಚ್ಚಲುಗಲ್ಲು ಎನ್ನುತ್ತಿದ್ದರು. ಆ ಕಡೆಯ ತೆಲುಗಿನವರು ಪೊದುಗುರಾಯಿ ಎನ್ನುತ್ತಿದ್ದರು. ಭಾಷೆ ಎರಡು, ಅರ್ಥ ಒಂದೇ.

ಒಂದು ವರ್ಷ ಅಕ್ಕನ ಮದುವೆ ಗೊತ್ತಾಗಿತ್ತು. ಗಂಡನ ಮನೆಗೆ ಹೋಗುವ ಮಗಳಿಗೆ ನಮ್ಮಲ್ಲಿ ಒಂದು ಹೆಣ್ಣು ಕುರಿ ಕೊಟ್ಟು ಕಳಿಸುತ್ತಿದ್ದರು. ಅದು ಅವಳದೇ, ಅದರ ಮರಿಗಳೂ ಅವಳವೇ. ಅಪ್ಪ ಅಕ್ಕನಿಗೆಂದು ಆರಿಸಿಟ್ಟಿದ್ದ ಕುರಿ ದಾರಿಯಲ್ಲಿ ಒಂದು ಬೆಳಿಗ್ಗೆ ಈಯುತ್ತಲೇ ಸತ್ತುಹೋಯಿತು. ಹಿಂಡಿನಲ್ಲಿ ಹೆಚ್ಚಿನವು ಬೇರೆಯವರವು. ಮತ್ತೊಂದನ್ನು ಕೊಡುವಷ್ಟು ನಮ್ಮವು ಇರಲಿಲ್ಲ. ಅಕ್ಕನ ಪಾಲಿಗೆ ಉಳಿದದ್ದು ಸತ್ತ ಕುರಿಯ ಹೆಣ್ಣುಮರಿ ಮಾತ್ರ.

ಅದೇ ಬೆಳಿಗ್ಗೆ ಇನ್ನೊಂದು ಕುರಿಗೆ ಸತ್ತ ಮರಿ ಹುಟ್ಟಿತ್ತು. ಅದರ ಕೆಚ್ಚಲು ಹಾಲು ತುಂಬಿ ಬಿಗಿದಿತ್ತು. ಆದರೂ ಅಕ್ಕನ ಮರಿ ಹತ್ತಿರ ಹೋದರೆ ಮೂಸಿ ನೋಡಿ ಹಾಯಲು ಬರುತ್ತಿತ್ತು. ನಾವು ಗವಿಯ ಹತ್ತಿರ ಬಂದು ಹಿಂಡನ್ನು ನೆರಳಿಗೆ ಬಿಡುವ ಹೊತ್ತಿಗೆ ಮರಿಗೆ ಕೂಗಲೂ ಶಕ್ತಿ ಇರಲಿಲ್ಲ.

"ಬಿಡವಾ, ಅದರ ಹಣೇಬರ ಅಷ್ಟ ಇತ್ತು" ಎಂದ ಅಪ್ಪ.

ಅಕ್ಕ ಮರಿಯನ್ನು ಅವಚಿಕೊಂಡು ಗವಿಯ ಕಡೆ ನೋಡುತ್ತ ಕೂತಿದ್ದಳು. "ಅಪ್ಪ, ಆ ಕಲ್ಲಿಗೆ ಕೆಚ್ಚಲಗಲ್ಲು ಅಂತ ಯಾಕ ಅಂತಾರ?"

"ಕೆಚ್ಚಲದಾಂಗ ಕಾಣತೈತಿ, ಅದಕ್ಕ. ಮತ್ಯಾಕ?"

ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಅವ್ವ ತಲೆ ಎತ್ತಿದಳು. "ಅಷ್ಟ ಅಲ್ರೀ. ತಾಯಿ ಇಲ್ಲದ ಮರೀನ ಅದರ ಕೆಳಗ ಹಿಡೀತಿದ್ರು ಅಂತ ನಮ್ಮವ್ವ ಹೇಳತಿದ್ಲು. ಯಾಕ ಅಂತ ನಾ ಕೇಳಲಿಲ್ಲ."

"ಕಲ್ಲು ಹಾಲು ಕೊಡತೈತೇನು?" ಎಂದು ಅಪ್ಪ ನಕ್ಕ.

ಅಕ್ಕನಿಗೆ ನಗು ಬರಲಿಲ್ಲ. ಗವಿಯೊಳಗೆ ಹೋಗಿ ಮರಿಯನ್ನು ಹನಿಯುವ ನೀರಿಗೆ ಹಿಡಿದಳು. ಅದರ ಮೈಯೆಲ್ಲ ತೊಯ್ಯಲು ಬಹಳ ಹೊತ್ತು ಬೇಕಾಯಿತು. "ಆ ಕುರಿ ಎಳಕೊಂಡು ಬಾರೋ" ಎಂದು ನನ್ನನ್ನು ಕೂಗಿದಳು. ಹಾಲು ತುಂಬಿದ ಕುರಿಯನ್ನು ಕಿವಿ ಹಿಡಿದು ಎಳೆದುಕೊಂಡು ಹೋದೆ. ಅಕ್ಕ ಒದ್ದೆ ಮರಿಯನ್ನು ಅದರ ಮುಂದೆ ಇಟ್ಟಳು. ಇನ್ನೇನು ಹಾಯುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

ಕೇಳಿಸಿದ್ದು ನೆಕ್ಕುವ ಸದ್ದು. ಮರಿಯ ಮೈಮೇಲಿದ್ದ ಹಳೆಯ ತಾಯಿಯ ವಾಸನೆ ನೀರಿಗೆ ತೊಳೆದುಹೋಗಿತ್ತು. ಒದ್ದೆಯಾಗಿ ನಡುಗುತ್ತಿದ್ದ ಅದನ್ನು ಕುರಿ ಆಗ ತಾನೇ ಈದ ತನ್ನ ಮರಿ ಎಂದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯತೊಡಗಿತು. ಅಕ್ಕ ಜೋರಾಗಿ ಅತ್ತಳು. ನನಗೂ ಅಳು ಬಂದಿತ್ತು. ಆದರೆ ನಾನು ಗಂಡಸಲ್ಲವೇ, ಬಾವಲಿ ನೋಡುವವನ ಹಾಗೆ ಮುಖ ಮೇಲೆತ್ತಿ ನಿಂತೆ.

ಅಪ್ಪ ಬಗ್ಗಿ ಒಳಗೆ ಬಂದು ನೋಡಿದ. "ಹೆಸರಿಟ್ಟೋರು ಸುಮ್ನ ಇಟ್ಟಿಲ್ಲ ಬಿಡು" ಎಂದ. ಮದುವೆಯಾಗಿ ಅಕ್ಕ ಗಂಡನ ಊರಾದ ಐಜಕ್ಕೆ ಹೊರಟಾಗ ಆ ಮರಿ ಅವಳ ಹಿಂದೆಯೇ ನಡೆದು ಹೋಯಿತು.

ಈಗ ಗದ್ವಾಲದ ಶಾಲೆಯಲ್ಲಿ ಓದುವ ನೀವು ಅಂಥ ಕಲ್ಲಿಗೆ ಸ್ಟ್ಯಾಲಕ್ಟೈಟ್ ಎನ್ನುತ್ತೀರಿ. ಹನಿಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದು ಬಂದದ್ದೆಂದು ಮೊಬೈಲಿನಲ್ಲಿ ಹುಡುಕಿ ನನಗೂ ಹೇಳಿದಿರಿ. ಅದರ ಸ್ಪೆಲಿಂಗು ನನ್ನಿಂದಾಗದು. ಕೆಚ್ಚಲುಗಲ್ಲು ಎಂದು ಬರೆಯಿರಿ ಎಂದರೆ ನೀವು ಎರಡೂ ಒತ್ತು ನುಂಗಿದಿರಿ. ಅಲ್ಲಿಗೆ ಸರಿಸಮ. ಪರೀಕ್ಷೆಯಲ್ಲಿ ಕಲ್ಲಿಗೆ ನೀವು ಹೇಳುವ ಹೆಸರನ್ನೇ ಬರೆಯಿರಿ, ಅದೂ ಒಳ್ಳೆಯ ಹೆಸರೇ. ಏನು ತಿಳಿಯಬೇಕಾದರೂ ನಿಮಗೆ ಹುಡುಕಲು ದಾರಿಗಳಿವೆ. ಆ ದಿನ ಅಕ್ಕನ ಹತ್ತಿರ ಇದ್ದದ್ದು ಸಾಯುತ್ತಿದ್ದ ಒಂದು ಮರಿ, ಮತ್ತು ಒಂದು ಕಲ್ಲಿನ ಹೆಸರು.