ಹೊಲದ ಬದುವಿನಲ್ಲಿ ಸುಭದ್ರಾ

ಹಾಲೇಶ ಹೊನ್ನಾಳಿ ಸೀಮೆಯವನು. ವಡೋದರಾಕ್ಕೆ ಬಂದು ವರ್ಷಗಳೇ ಆಗಿದ್ದವು. ಸೋಲಾರ್ ಕಂಪನಿಗಳಿಗೆ ನಕ್ಷೆ ಮಾಡಿಕೊಡುವ ಕಚೇರಿಯಲ್ಲಿ ಕೆಲಸ. ಪ್ಯಾನೆಲ್ ಎಲ್ಲಿ ನಿಲ್ಲಬೇಕು, ಬೇಲಿಯಿಂದ ಎಷ್ಟು ಜಾಗ ಬಿಡಬೇಕು ಎಂದು ದಿನವಿಡೀ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿದ್ದ. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲ ಅವನ ಕೈಯಲ್ಲಿ ನೀಲಿ ಚೌಕಗಳಾಗುತ್ತಿತ್ತು. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಆಸಾಮಿ ಅವನಲ್ಲ. ಸರ್ಕಾರವೇ ಹೊಲವನ್ನು ಕೃಷಿಯೇತರ ಎಂದು ಬರೆದುಕೊಟ್ಟ ಮೇಲೆ ಹಾಲೇಶನ ಗಂಟೇನು ಹೋಯಿತು?

ಹೆಂಡತಿ ಸುಭದ್ರಾಗೆ ಮಾತ್ರ ಹೊಲದ ನಂಟು ಬಿಟ್ಟಿರಲಿಲ್ಲ. ಅಂಗಡಿಯ ಜೋಳ ರೊಟ್ಟಿಗೆ ಬಾರದು ಎಂದು ಮೂಗು ಮುರಿದು, ಕರ್ಜಣ್ ಕಡೆಯ ಜಶುಭಾಯ್ ಎಂಬ ರೈತನ ಮನೆಗೇ ಪ್ರತಿವರ್ಷ ಹೋಗಿ ಆರಿಸಿ ತರುತ್ತಿದ್ದಳು. ಅವಳ ಗುಜರಾತಿ ದೇವರಿಗೇ ಪ್ರೀತಿ. ಆದರೂ ಜಶುಭಾಯ್‌ನ ಹೆಂಡತಿಯ ಜೊತೆ ಗಂಟೆಗಟ್ಟಲೆ ಹರಟೆ ನಡೆಯುತ್ತಿತ್ತು.

ಕಿಡ್ನಿ ಕೈಕೊಟ್ಟು ಅವಳು ತೀರಿಕೊಂಡಾಗ ಹಾಲೇಶನಿಗೆ ದುಃಖಕ್ಕಿಂತ ಮೊದಲು ಗಾಬರಿ ಹತ್ತಿತು. ಅವರು ಲಿಂಗಾಯತರು, ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅಕ್ಕಪಕ್ಕದವರು ಆಗಲೇ ಸುಡುವ ಸ್ಮಶಾನದ ಗಾಡಿ ತರಿಸಿದ್ದರು. ವಡೋದರಾದಲ್ಲಿ ಮಣ್ಣು ಮಾಡುವ ಜಾಗ ಅವನಿಗೆ ಗೊತ್ತಿರಲಿಲ್ಲ. ಊರಿಗೆ ಒಯ್ಯುವಷ್ಟು ಹೊತ್ತು ಹೆಣ ತಡೆಯುವಂತಿರಲಿಲ್ಲ. ಸುದ್ದಿ ತಿಳಿದು ಬಂದ ಜಶುಭಾಯ್ ಅವನ ಭುಜ ಹಿಡಿದು ಗುಜರಾತಿಯಲ್ಲಿ ಕೇಳಿದ:

“ಯಾಕಷ್ಟು ಒದ್ದಾಡ್ತೀರಿ ಹಾಲೇಶಭಾಯ್? ನಮ್ಮ ಸುಭದ್ರಾಬೇನ್‌ಗೆ ನನ್ನ ಹೊಲದಲ್ಲಿ ಜಾಗ ಇಲ್ವಾ?”

ಬದುವಿನ ಪಕ್ಕ ಕುಣಿ ತೋಡಿ, ಅದರ ಗೋಡೆಯಲ್ಲಿ ಗೂಡು ಕೊರೆದು ಸುಭದ್ರಾಳನ್ನು ಕೂರಿಸಿದರು. ಊರಿನ ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು. ಹೊಲದಲ್ಲಿ ಹೂಳಲು ಅನುಮತಿ ಬೇಕೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಆ ದಿನ ಯಾರು ಕೇಳಲು ಹೋಗುತ್ತಿದ್ದರು? ಮೇಲೆ ಕಲ್ಲು ಕಟ್ಟಲಿಲ್ಲ. ಜಶುಭಾಯ್ ಅಷ್ಟು ಜಾಗ ಬಿಟ್ಟು ಉಳುತ್ತಿದ್ದ. ಅಮಾವಾಸ್ಯೆಗೆ ಹಾಲೇಶ, ಮಗಳು ಪ್ರೇರಣಾ ಹೋಗಿ ವಿಭೂತಿ ಧರಿಸಿ, ಹೂವಿಟ್ಟು ಬರುತ್ತಿದ್ದರು.

ಜಶುಭಾಯ್‌ಗೆ ವಯಸ್ಸಾಯಿತು. ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುತ್ತಿದ್ದ ಅವನ ಮಕ್ಕಳ ಕೆಲಸ ಹೋಯಿತು. ಹೊಲವನ್ನು ಸೋಲಾರ್ ಕಂಪನಿಗೆ ಗೇಣಿಗೆ ಕೊಡದೆ ಅವರಿಗೆ ಬೇರೆ ದಾರಿಯಿರಲಿಲ್ಲ. ನಕ್ಷೆಯ ಕೆಲಸ ಹಾಲೇಶನ ಕಚೇರಿಗೇ ಬಂತು. ಅವನೇ ಕೇಳಿ ಪಡೆದುಕೊಂಡ.

ಹೊಲವನ್ನು ಕೃಷಿಯೇತರ ಮಾಡುವ ಪರಿವರ್ತನೆಗೆ ಮೊದಲು ಕಂದಾಯ ಇಲಾಖೆಯವರು ಬಂದು ಹೊಲದಲ್ಲಿದ್ದ ಬಾವಿ, ಬೇವಿನ ಮರ, ಪಂಪಿನ ಮನೆ ಎಲ್ಲ ಬರೆದುಕೊಂಡರು. ಸಮಾಧಿಯಿದೆ ಎಂದರೆ ಪರಿವರ್ತನೆ ಅಲ್ಲಿಗೇ ನಿಲ್ಲುತ್ತದೆ. ಅನುಮತಿಯಿಲ್ಲದೆ ಹೂಳಗೊಟ್ಟ ಜಶುಭಾಯ್ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಮುದುಕ ಹಾಲೇಶನ ಮುಖ ನೋಡಿದ. ಹಾಲೇಶ ಬಾಯಿ ಬಿಡಲಿಲ್ಲ.

ಅವನಿಗೊಂದು ಧೈರ್ಯವಿತ್ತು. ನಿಯಮದ ಪ್ರಕಾರ ಬೇಲಿಯ ಒಳಗೆ ಒಂದು ಪಟ್ಟಿ ಜಾಗದಲ್ಲಿ ಏನೂ ಕಟ್ಟುವಂತಿಲ್ಲ. ಸುಭದ್ರಾ ಸರಿಯಾಗಿ ಆ ಪಟ್ಟಿಯಲ್ಲಿದ್ದಳು. ಜೀವಮಾನದಲ್ಲಿ ಮೊದಲ ಸಲ ಹಾಲೇಶ ಸರ್ಕಾರಿ ನಿಯಮಕ್ಕೆ ಕೈ ಮುಗಿದ. ಯಾರಿಗೂ ಅನುಮಾನ ಬಾರದಿರಲಿ ಎಂದು ನಕ್ಷೆಯಲ್ಲಿ ಅವಳಿದ್ದ ಕಡೆ ‘ಖಾಲಿ ಜಾಗ’ ಎಂದು ತಾನೇ ಬರೆದ.

“ಅಮ್ಮ ಸೇಫಾ, ಅಪ್ಪಾಜಿ?” ಎಂದು ಕೇಳಿದಳು ಪ್ರೇರಣಾ.

“ಯಾರೂ ಮುಟ್ಟಂಗಿಲ್ಲ ಬಿಡವ್ವ. ರೂಲ್ಸೇ ಹಂಗೈತೆ.”

ಮಂಜೂರಾತಿಗೆ ಹೋದ ನಕ್ಷೆ ಅಗ್ನಿಶಾಮಕ ಇಲಾಖೆಯಿಂದ ವಾಪಸ್ಸು ಬಂತು. ಬೆಂಕಿ ಹತ್ತಿದರೆ ಅಗ್ನಿಶಾಮಕ ಗಾಡಿ ಒಳಗೆ ಓಡಾಡಲು ದಾರಿ ಎಲ್ಲಿ ಎಂದು ಕೇಳಿದ್ದರು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಹೈಟೆನ್ಷನ್ ಲೈನು. ಉಳಿದದ್ದು ಆ ಪಟ್ಟಿಯೇ. ಅಲ್ಲಿ ಏನೂ ಕಟ್ಟಬಾರದೆಂದಿತ್ತೇ ಹೊರತು ದಾರಿ ಮಾಡಬಾರದೆಂದಿರಲಿಲ್ಲ.

“ಪ್ಯಾನೆಲ್ ಒಂದು ಸಾಲು ತೆಗೆದ್ರೆ ದಾರಿ ಒಳಗಡೆ ಬರುತ್ತೆ ಸರ್,” ಎಂದ ಹಾಲೇಶ.

ಕಚೇರಿಯ ಮುಖ್ಯಸ್ಥ ನಿತೇಶ್ ನಕ್ಕ. “ಸಾಲು ಯಾಕೆ ತೆಗೀಬೇಕು? ಅಲ್ಲಿ ಖಾಲಿ ಅಂತ ನೀವೇ ಬರೆದಿದೀರಲ್ಲ!”

ಹಾಳಾದ ಕೈ, ಆ ಎರಡು ಶಬ್ದ ಬರೆಯದಿದ್ದರೆ ಏನಾಗುತ್ತಿತ್ತು ಎಂದು ಹಾಲೇಶ ತನ್ನನ್ನೇ ಶಪಿಸಿಕೊಂಡ.

ಬೇರೆ ಕಡೆಗೆ ಸಾಗಿಸೋಣವೆಂದು ಜಶುಭಾಯ್ ಮೆಲ್ಲಗೆ ಹೇಳಿದ. ಎಲ್ಲಿಗೆ? ಹೊನ್ನಾಳಿಯಲ್ಲಿ ಅಪ್ಪನ ಗದ್ದೆಯಿದ್ದರೂ ಗುಜರಾತಿನ ಲೆಕ್ಕದಲ್ಲಿ ಹಾಲೇಶ ರೈತನಲ್ಲ. ರೈತನಲ್ಲದವನು ಇಲ್ಲಿ ಗೇಣು ಹೊಲವನ್ನೂ ಕೊಳ್ಳುವಂತಿಲ್ಲ. ಊರಿಗೇ ಒಯ್ಯಲೇ ಎಂದು ಫೋನು ಮಾಡಿದರೆ ಅಯ್ಯನವರು ಒಪ್ಪಲಿಲ್ಲ. “ಒಂದ್ಸಲ ಕೂರ್ಸಿದ್ ಮ್ಯಾಲೆ ಎಬ್ಬಿಸ್ಬಾರ್ದು ಕಣಪ್ಪಾ,” ಎಂದರು. ಕೊನೆಗೆ ಅವನೇ ಕೂತು ಅವಳ ಮೇಲೆ ರಸ್ತೆಯ ಗೆರೆ ಎಳೆದ. ಮಗಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಖಡಿ ಹಾಸಿ ರೋಲರ್ ಓಡಿಸುವ ದಿನ ಜಾಗ ತೋರಿಸಲು ಅವನನ್ನೇ ಕಳಿಸಿದರು. ಜಶುಭಾಯ್ ಬಂದು ಪಕ್ಕದಲ್ಲಿ ನಿಂತ. ಸುಭದ್ರಾ ಇದ್ದ ಮೂಲೆ ಹತ್ತಿರವಾದಾಗ ಚಾಲಕ ಗಾಡಿ ನಿಲ್ಲಿಸಿದ.

“ಕೆಳಗೆ ಹಳೇ ಬಾವಿ ಗೀವಿ ಇದೆಯಾ ಸಾಹೇಬ್? ನೆಲ ಟೊಳ್ಳಾಗಿದ್ರೆ ಗಾಡಿ ಕುಸಿಯುತ್ತೆ.”

ಜಶುಭಾಯ್ ಮುಖ ತಿರುಗಿಸಿಕೊಂಡ.

“ಏನೂ ಇಲ್ಲ, ನಡೀರಿ,” ಎಂದ ಹಾಲೇಶ.

ರೋಲರ್ ಅವಳ ಮೇಲೆ ಹಾಯುವಾಗ ಅವನು ಕಣ್ಣು ಮುಚ್ಚಲಿಲ್ಲ. ನೆಲ ಒಂದಿಷ್ಟೂ ಕುಸಿಯಲಿಲ್ಲ. “ಒಳ್ಳೇ ಗಟ್ಟಿ ನೆಲ!” ಎಂದು ಚಾಲಕ ಖುಷಿಯಿಂದ ಕೂಗಿ, ಇನ್ನೊಂದು ಸಲ ಹಾಯಿಸಲು ಗಾಡಿಯನ್ನು ಹಿಂದಕ್ಕೆ ತಂದ.