ನೋಟೀಸಿಗೆ ಹೆದರಿ ಬಾಗಿಲು ಬಿಚ್ಚಿದ್ದು

ಎಪ್ಪತ್ತರ ದಶಕದಲ್ಲಿ ನನ್ನ ಅಪ್ಪ ಬೆಳಗಾವಿಯ ಶಿವಬಸವ ನಗರದಲ್ಲಿ ಬ್ಯಾಂಕಿನ ಸಾಲದಿಂದ ಮನೆ ಕಟ್ಟಿಸಿದ. ನಂದಗಡದ ಸಂತೆಗೆ ಸಾಮಾನು ಸಾಗಿಸುವ ಹಳೆಯ ಲಾರಿಯೇ ನಮ್ಮ ಅನ್ನ. ಅದರ ಇಂಜಿನ್ ಕೆಟ್ಟು ಗ್ಯಾರೇಜು ಸೇರಿದ ಮೇಲೆ ಕಂತುಗಳೂ ನಿಂತವು. ಬ್ಯಾಂಕಿನಿಂದ ಲಕೋಟೆಗಳು ಬಂದವು. ಅಪ್ಪ ಒಂದನ್ನೂ ಒಡೆಯಲಿಲ್ಲ.

ತಲಬಾಗಿಲಿಗೆ ನೋಟೀಸು ಹಚ್ಚದೆ ಮನೆ ಲಿಲಾವು, ಅಂದರೆ ಹರಾಜು, ಮಾಡುವಂತಿಲ್ಲ ಎಂದು ಗ್ಯಾರೇಜಿನಲ್ಲಿ ಯಾರೋ ಅಪ್ಪನಿಗೆ ಹೇಳಿದರು. ಮರುದಿನವೇ ಅಪ್ಪ ಬಡಿಗನನ್ನು ಕರೆಸಿ ಬಾಗಿಲನ್ನೇ ಬಿಚ್ಚಿಸಿದ. ಆ ಸಾಗವಾನಿ ಬಾಗಿಲು ಟೆಂಪೋ ಹತ್ತಿ ಖಾನಾಪುರಕ್ಕೆ, ನನ್ನ ಸೋದರಮಾವನ ಮನೆಗೆ ಹೋಯಿತು. ನಮ್ಮ ಚೌಕಟ್ಟಿಗೆ ಅವ್ವನ ಹಳೆಯ ಸೀರೆ ತೂಗಿತು.

"ಮನಿ ಉಳಸಾಕ ಬಾಗಲಾ ಕಳಸಿದ್ರಿ. ನಾಳೆ ಗ್ವಾಡಿ ಯಾರ ಮನಿಗೆ ಕಳಸ್ತೀರಿ?" ಎಂದಳು ಅವ್ವ.

ಬಾಜು ಮನೆಯ ಎಮ್ಮೆ ಸೀರೆ ಸರಿಸಿ ಒಳಗೆ ಬಂದು, ಬಿಡಿಸಿಟ್ಟ ಮೆಂತ್ಯದ ಸೊಪ್ಪು ತಿಂದು ಹೋಯಿತು.

ಎಮ್ಮೆಯ ಹಿಂದೆಯೇ ಬ್ಯಾಂಕಿನ ವಸೂಲಿ ಸಾಹೇಬರು ಬಂದರು, ಜೊತೆಗೆ ಅಂಟಿನ ಡಬ್ಬಿ ಹಿಡಿದ ಜವಾನ. ಎಲ್ಲಿ ಬಡಿಯಬೇಕೆಂದು ತಿಳಿಯದೆ ಸಾಹೇಬರು ಕೆಮ್ಮಿದರು. ಅಪ್ಪ ಹಿತ್ತಿಲಿಗೆ ಓಡಬೇಕೆನ್ನುವಷ್ಟರಲ್ಲಿ ಗಾಳಿ ಬೀಸಿ ಸೀರೆ ಮೇಲಕ್ಕೆ ಹಾರಿತು. ಇಬ್ಬರೂ ಮುಖಾಮುಖಿ.

"ಬಾಗಲಾ ಎಲ್ಲೈತ್ರಿ?"

"ರಿಪೇರಿಗೆ ಹೋಗೇತ್ರಿ."

"ಮನಿ ಒತ್ತಿ ಇಟ್ಟ ಮ್ಯಾಲ ಅದರ ಒಂದ ಹಂಚನೂ ತಗ್ಯಾಂಗಿಲ್ರಿ. ಬಾಗಲಾ ತರಸ್ರಿ, ಇಲ್ಲಂದ್ರ ಬ್ಯಾರೇ ಕೇಸ್ ಆಕ್ಕೇತಿ," ಎಂದು ಸಾಹೇಬರು ಜವಾನನ ಕಡೆ ತಿರುಗಿದರು. ಅವನು ನೋಟೀಸನ್ನು ಗೋಡೆಗೇ ಹಚ್ಚಿಬಿಟ್ಟ. ಗೋಡೆಗೂ ಹಚ್ಚಬಹುದೆಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಅವ್ವ ಚಹಾ ತಂದಳು. "ಕುಂದರ್ರಿ ಸಾಹೇಬ್ರ. ಅಂಜಿಸೂದು ಆತು. ಈಗ ನಾವೇನ ಮಾಡೂಣು, ಅದನ್ನ ಹೇಳ್ರಿ."

ಸಾಹೇಬರು ಮೆತ್ತಗಾದರು. "ಬಾಕಿಯೊಳಗ ಸ್ವಲ್ಪ ತುಂಬಿ, ಮುದ್ದತ್ ಹೆಚ್ಚಿಸ್ರಿ ಅಂತ ಅರ್ಜಿ ಕೊಡ್ರಿ. ಮುಂದಿನ ಖೋಲಿ ಬಾಡಿಗಿ ಕೊಡ್ರಿ, ಆದರ ಬ್ಯಾಂಕಿಗೆ ಕೇಳಿ ಕೊಡ್ರಿ. ಯಾವುದೂ ಆಗಲಿಲ್ಲಂದ್ರ ಲಿಲಾವಿನಕಿಂತ ಮೊದಲ ನೀವ ಮಾರ್ರಿ. ಸಾಲ ತೀರಿಸಿ ಉಳಿದದ್ದು ನಿಮಗ ಬರ್ತೈತಿ. ಲಿಲಾವಿನ್ಯಾಗ ಎಷ್ಟಕ್ಕ ಹೋಗತೈತೋ ಯಾರಿಗೆ ಗೊತ್ತು?"

ಅಪ್ಪನಿಗೆ ಸಿಟ್ಟು ಬಂತು. "ಇಷ್ಟೆಲ್ಲಾ ದಾರಿ ಅದಾವಂತ ಮೊದಲ ಕಾಗದದಾಗ ಬರೀಬೇಕಿಲ್ಲೇನ್ರಿ?"

"ಎಲ್ಲಾ ಕಾಗದದಾಗೂ ಬರದೇವ್ರಿ."

ಅವ್ವ ಅಪ್ಪನನ್ನೇ ನೋಡಿದಳು. ಅಪ್ಪ ಚಹಾದೊಳಗೆ ಏನೋ ಬಿದ್ದಂತೆ ಬಸಿಯನ್ನೇ ನೋಡುತ್ತ ಕುಳಿತ.

ಅವ್ವನ ಚಿನ್ನದ ಪಾಟಲಿ ಬಳೆ ಮಾರಿ ಸ್ವಲ್ಪ ಬಾಕಿ ತುಂಬಿದೆವು. ಉಳಿದದ್ದನ್ನು ತೀರಿಸಲು ಇನ್ನಷ್ಟು ಮುದ್ದತ್ತು ಸಿಕ್ಕಿತು. ಅಪ್ಪ ಬಾಗಿಲು ತರಲು ಖಾನಾಪುರಕ್ಕೆ ಹೋದರೆ, ಸೋದರಮಾವ ಅದನ್ನು ಕೆಳಗೆ ಗೇಣಿನಷ್ಟು ಕೊಯ್ದು ತನ್ನ ಮನೆಗೆ ಕೂರಿಸಿಬಿಟ್ಟಿದ್ದ. "ಖಾಯಂ ಕೊಟ್ಟೀರಿ ಅಂತ ತಿಳದೆ, ಭಾವಾ," ಎಂದನಂತೆ. ಬಾಗಿಲು ಕೆಳಗೆ ಹಲಸಿನ ಹಲಗೆಯ ತೇಪೆ ಹಚ್ಚಿಕೊಂಡು ಮರಳಿತು.

ಬ್ಯಾಂಕಿನ ಒಪ್ಪಿಗೆ ಪಡೆದು, ಮುಂದಿನ ಖೋಲಿಗಳನ್ನು ನೆಹರು ನಗರದಲ್ಲಿ ಡಾಕ್ಟರಿಕೆ ಓದುವ ಹುಡುಗರಿಗೆ ಕೊಟ್ಟೆವು. ಅವರು ಓದಲು ತಂದ ತಲೆಬುರುಡೆಯನ್ನು ಕಿಟಕಿಯಲ್ಲಿ ಇಟ್ಟಿದ್ದರು. ಬಾಡಿಗೆ ಪರಿಶೀಲನೆಗೆ ಬಂದ ಸಾಹೇಬರು ಬೆಚ್ಚಿ ಹಿಂದೆ ಸರಿದರು. "ಇದು ಯಾರ್ರೀ?"

"ಹಿಂದಿನ ವಸೂಲಿ ಸಾಹೇಬ್ರು," ಎಂದ ಅಪ್ಪ.

ಅವ್ವ ಗಾಬರಿಯಾದಳು. ಸಾಹೇಬರು ಮಾತ್ರ ಕಟ್ಟೆಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎಂಬತ್ತರ ದಶಕದ ನಡುವೆ ಸಾಲ ತೀರಿತು. ಅಪ್ಪ ಅವ್ವನೊಡನೆ ಬ್ಯಾಂಕಿಗೆ ಹೋಗಿ ಎಲ್ಲರಿಗೂ ಕುಂದಾ ಹಂಚಿದ. ಮ್ಯಾನೇಜರು ಬಾಯಿ ಒರೆಸಿಕೊಳ್ಳುತ್ತ, "ಮನಿ ಮ್ಯಾಲ ಇನ್ನೊಂದ ಮಜಲಾ ಕಟ್ಟಸ್ತೀರೇನ್ರಿ? ಸಾಲ ಕೊಡೂಣು," ಎಂದರು. ಅಪ್ಪ ಉತ್ತರಿಸುವ ಮೊದಲೇ ಅವ್ವ ಅವನ ತೋಳು ಹಿಡಿದು ರಸ್ತೆಗೆ ಎಳೆದು ತಂದಳು.