ಕಂಡಿಕೆಯೊಳಗಿನ ಇಯರ್‌ಫೋನ್

ನಮ್ಮ ಕಡೆ ಮಗುವಿನ ಜೋಲಿಯನ್ನು ಮಗ್ಗದ ಕೋಣೆಯಲ್ಲೇ ಕಟ್ಟುತ್ತಾರೆ. ದೊಡ್ಡಬಳ್ಳಾಪುರದಲ್ಲಿ ನಾನು ಹುಟ್ಟಿದ ಮನೆಯಲ್ಲೂ ಹಾಗೇ, ಮದುವೆಯಾಗಿ ಬಂದ ಮನೆಯಲ್ಲೂ ಹಾಗೇ. ಪವರ್‌ಲೂಮುಗಳು ಬಡಿಯುತ್ತಿರುವಷ್ಟು ಹೊತ್ತು ಮಗು ಮಲಗಿರುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತದೆ. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ನನಗೆ ಅನ್ನಿಸಿದ್ದು, ಮಗಳು ಆ ಜೋಲಿಯಲ್ಲಿ ಮಲಗಲು ಶುರುಮಾಡಿದ ಮೇಲೆ, ಒಂದು ಇಯರ್‌ಫೋನ್ ದೆಸೆಯಿಂದ.

ಹೊಸದಾಗಿ ಕೊಂಡ ಇಯರ್‌ಫೋನ್ ಅದು. ಮದುವೆಗೆ ಮುಂಚೆ ನಾನು ದಿನವೂ ಕೇಳುತ್ತಿದ್ದ ಒಂದು ಹಾಡನ್ನು ಹಾಕಿದೆ. ಹಾಡುವವಳ ದನಿ ಇತ್ತು, ತಬಲ ಇತ್ತು. ಹಿಂದೆ ಸಣ್ಣಗೆ ಗೆಜ್ಜೆ ಬರಬೇಕು, ಅದು ಬರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ವಾಪಸ್ಸು ತೆಗೆದುಕೊಂಡು ಹೋದೆ. ಅಂಗಡಿಯವನು ತನ್ನ ಕಿವಿಗೆ ಇಟ್ಟುಕೊಂಡು ತಲೆ ಆಡಿಸಿದ.

“ಗೆಜ್ಜೆ ಚೆನ್ನಾಗೇ ಬರ್ತೈತಲ್ಲಕ್ಕಾ. ನೀವು ಮಗ್ಗದೋರಾ?”

“ಹೂಂ.”

“ಹಂಗಾದ್ರೆ ಪೀಸ್‌ದೇನೂ ತಪ್ಪಿಲ್ಲ ಬಿಡಿ.”

ಅವನು ಗೇಲಿ ಮಾಡಲಿಲ್ಲ. ಚಪ್ಪಲಿಯ ಅಳತೆ ಹೇಳುವಂತೆ ಹೇಳಿದ. ತಪ್ಪಿರುವುದು ನನ್ನ ಕಿವಿಯಲ್ಲಿ ಎಂದು ಅವನ ಅರ್ಥ.

ಮನೆಯಲ್ಲಿ ಹೇಳಿದರೆ ಅತ್ತೆ ನಕ್ಕರು. “ನಮ್ಗೆಲ್ಲಾ ಹಂಗೇ ಕಣಮ್ಮ. ನಿಮ್ಮ ಮಾವ ಇದ್ದಾಗ ಕುಕ್ಕರ್ ಕೂಗಿದ್ರೂ ‘ಯಾಕೆ, ಇನ್ನೂ ಅನ್ನ ಆಗಿಲ್ವಾ’ ಅಂತಿದ್ರು.” ಗಂಡನಿಗೂ ಹಾಕಿ ಕೇಳಿಸಿದೆ. “ಗೆಜ್ಜೆ ಎಲ್ಲೈತೆ ಇದ್ರಲ್ಲಿ?” ಎಂದರು. ನಾವು ಮೂರೂ ಜನ ಮಗ್ಗದ ಸದ್ದಿನಲ್ಲೇ ಬೆಳೆದವರು. ನಿಜ ಹೇಳಬಲ್ಲ ಕಿವಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಮಗುವಿನದೊಂದು ಬಿಟ್ಟು. ಅದು ಬಡಿಯುವ ಮಗ್ಗದಿಂದ ಒಂದು ಮಾರು ದೂರದಲ್ಲಿ ಮಲಗಿತ್ತು.

“ಅತ್ತೆ, ಇಯರ್‌ಫೋನ್ ಸರಿಯಾಗಿದ್ದು ನನ್ನ ಕಿವಿಯೇ ಹೋಗಿದ್ರೆ, ಜೋಲಿ ಇಲ್ಲಿರಲ್ಲ” ಎಂದೆ.

ಅಲ್ಲಿಯವರೆಗೆ ನಗುತ್ತಿದ್ದ ಅತ್ತೆ ತಟ್ಟನೆ ಮಾತು ಬದಲಿಸಿದರು. “ಸಾಮಾನೇ ಕೆಟ್ಟಿರ್ತದೆ. ಅವನ ಮಾತು ಕಟ್ಕೊಂಡು ಏನು!”

ಕಾಲರಿಗೆ ಸಿಕ್ಕಿಸುವ ಒಂದು ಅಗ್ಗದ ಮೈಕು ತರಿಸಿದೆ. ಸೀರೆಯ ಡಿಸೈನ್ ನೋಡಲು ಇಟ್ಟುಕೊಂಡಿದ್ದ ಹಳೆಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿದೆ. ಅದು ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಏರುತ್ತಾ ಹೋಗುವ ಒಂದು ಸದ್ದನ್ನು ಇಯರ್‌ಫೋನಿಗೆ ಕಳಿಸುತ್ತದೆ. ಮೈಕಿಗೆ ಯಾವ ದನಿ ಎಷ್ಟು ಜೋರಾಗಿ ಮುಟ್ಟಿತು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಇಯರ್‌ಫೋನಿಗೂ ಮೈಕಿಗೂ ನಡುವೆ ಕಿವಿಯ ತೂತಿನಂತೆ ಒಂದು ಕೊಳವೆ ಬೇಕು. ನಮ್ಮಲ್ಲಿ ಕೊಳವೆಗೆ ಬರವಿಲ್ಲ. ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಪ್ಲಾಸ್ಟಿಕ್ ಕಂಡಿಕೆಯನ್ನು, ನೂಲು ಮುಗಿದದ್ದನ್ನು, ತೆಗೆದುಕೊಂಡು ಒಂದು ತುದಿಗೆ ಇಯರ್‌ಫೋನ್, ಇನ್ನೊಂದು ತುದಿಗೆ ಮೈಕು ಇಟ್ಟು ಸಂದಿಗೆ ಚಪಾತಿ ಹಿಟ್ಟು ಮೆತ್ತಿದೆ.

ಅಳೆಯಲು ನಿಶ್ಶಬ್ದ ಬೇಕು. ನಮ್ಮ ಬೀದಿಯಲ್ಲಿ ನಿಶ್ಶಬ್ದವಾಗುವುದು ಕರೆಂಟು ಹೋದಾಗ ಮಾತ್ರ. ಆಗ ಮಗು ಏಳುತ್ತದೆ. ಮೊದಲ ಸಲದ ಗೆರೆಯಲ್ಲಿ ಅದರ ಅಳುವೇ ತುಂಬಿತ್ತು. ಮುಂದಿನ ಸಲ ಕರೆಂಟು ಹೋದಾಗ ಗಂಡ ಮಗುವನ್ನು ಎತ್ತಿಕೊಂಡು ಬೀದಿಯ ಕೊನೆಯವರೆಗೆ ಹೋದರು.

ಈ ಸಲ ಗೆರೆ ನಡುವೆ ಗುಡ್ಡದಂತೆ ಎದ್ದು, ಆಮೇಲೆ ಗೆಜ್ಜೆಯಂಥ ಸಣ್ಣ ದನಿಯ ಕಡೆಗೆ ಕೆಳಗೆ ಬಿತ್ತು.

“ನೋಡ್ದಾ! ನಾನು ಹೇಳ್ಲಿಲ್ವಾ ಸಾಮಾನೇ ಕೆಟ್ಟಿರೋದು ಅಂತ!” ಅತ್ತೆಗೆ ಬಹಳ ಸಂತೋಷವಾಯಿತು. ನನಗೂ ಆಯಿತು. ಅಂಗಡಿಯವನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಆದರೂ ಹಳೆಯ ಇಯರ್‌ಫೋನನ್ನೂ ಅಳೆದುಬಿಡೋಣ ಎನ್ನಿಸಿತು, ಒಂದು ಕಾಲದಲ್ಲಿ ನನಗೆ ಗೆಜ್ಜೆ ಕೇಳಿಸಿದ್ದು ಅದರಲ್ಲೇ. ಅದರ ಗೆರೆಯಲ್ಲೂ ಅದೇ ಜಾಗದಲ್ಲಿ ಅದೇ ಗುಡ್ಡ. ಬೇರೆ ಬೇರೆ ಕಡೆ ತಯಾರಾದ ಎರಡು ಸಾಮಾನುಗಳಿಗೆ ಒಂದೇ ಗೂನು ಇರುವುದು ನಂಬುವ ಮಾತಲ್ಲ. ಕಂಡಿಕೆಯನ್ನು ಗರಗಸದಿಂದ ಅರ್ಧಕ್ಕೆ ಕೊಯ್ದೆ. ಗುಡ್ಡ ಸಣ್ಣ ದನಿಯ ಕಡೆಗೆ ಸರಿಯಿತು. ಇನ್ನೂ ಕೊಯ್ದೆ, ಇನ್ನೂ ಸರಿಯಿತು. ಅದು ಇಯರ್‌ಫೋನಿನದಲ್ಲ, ಕಂಡಿಕೆಯದು. ಉದ್ದದ ಕೊಳವೆ ಕೊಳಲಿನಂತೆ ತನ್ನದೇ ದನಿ ಸೇರಿಸುತ್ತಿತ್ತು. ಮಗ್ಗದ ಮನೆಯವಳಾದ ನಾನು ಕೈಗೆ ಸಿಕ್ಕ ಕಂಡಿಕೆಯನ್ನು ಇದ್ದ ಹಾಗೇ ನಂಬಿದ್ದೆ.

ಬೆರಳಿನ ಒಂದು ಗೆಣ್ಣಿನಷ್ಟು ತುಂಡು ಉಳಿದಾಗ ಎರಡು ಗೆರೆಗಳೂ ಕೊನೆಯವರೆಗೆ ಹೆಚ್ಚುಕಡಿಮೆ ಒಂದರ ಮೇಲೊಂದು ಕುಳಿತವು. ಅಗ್ಗದ ಮೈಕಿನ ಸೊಟ್ಟು ಅವುಗಳಲ್ಲಿ ಇದ್ದೇ ಇರುತ್ತದೆ, ಆದರೆ ಎರಡಕ್ಕೂ ಒಂದೇ ಸೊಟ್ಟು.

ಇಷ್ಟಾದರೂ ಹೊಸದು ಸರಿಯಿದೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಹೊಸ ಇಯರ್‌ಫೋನಿನ ಒಂದು ಬದಿಯನ್ನು ಕೊಳವೆಯಲ್ಲೇ ಬಿಟ್ಟು ಇನ್ನೊಂದನ್ನು ನನ್ನ ಕಿವಿಗೆ ಇಟ್ಟುಕೊಂಡೆ. ಸದ್ದು ಏರುತ್ತಾ ಹೋಯಿತು. ಸೀಟಿಯಂತಾಯಿತು, ಸೊಳ್ಳೆಯಂತಾಯಿತು, ನಿಂತಿತು. ಪರದೆಯ ಮೇಲೆ ಮೈಕಿನ ಮುಳ್ಳು ಮಾತ್ರ ಆಡುತ್ತಲೇ ಇತ್ತು. ಇನ್ನೊಂದು ಕಿವಿಗೆ ಇಟ್ಟು ಮತ್ತೆ ಹಾಕಿದೆ. ಅಲ್ಲೇ ನಿಂತಿತು.

ಬೀದಿಯಿಂದ ವಾಪಸ್ಸು ಬಂದ ಗಂಡ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಇಯರ್‌ಫೋನ್ ಹಾಕಿಕೊಂಡು ಕುಳಿತರು. ನನಗೆ ಸದ್ದು ನಿಂತ ಜಾಗಕ್ಕಿಂತ ಮೊದಲೇ ಕೈ ಎತ್ತಿದರು. “ಮುಗೀತಲ್ಲ?”

“ಇಲ್ಲ ರೀ. ಇನ್ನೂ ಬರ್ತೈತೆ.”

ಅವರು ಇಯರ್‌ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡು ಪರದೆಯ ಕಡೆ ತಿರುಗಿದರು.

ಮಗ್ಗವೇ ಕಾರಣ ಎಂದು ಆ ಗೆರೆ ಹೇಳುವುದಿಲ್ಲ. ಸಾಮಾನು ಸರಿಯಿದೆ ಎಂದಷ್ಟೇ ಅದು ಹೇಳುತ್ತದೆ. ಉಳಿದದ್ದನ್ನು ಹೇಳುವವಳು ನಾನು, ಹೇಳುತ್ತಿದ್ದೇನೆ.

ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಶುರುವಾದವು. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗ್ಗದ ಕೋಣೆಯ ಕಡೆ ಹೊರಟರು. ನಾನು ಮುಂದೆ ಹೋಗಿ ಜೋಲಿಯ ಗಂಟು ಬಿಚ್ಚಿದೆ.

“ಏನೇ ಇದು? ನೀನು, ನಿನ್ ಗಂಡ ಎಲ್ಲಾ ಇದೇ ಸದ್ದಲ್ಲಿ ಬೆಳೆದೋರಲ್ವಾ? ಏನಾಗ್ಬಿಡ್ತು ನಿಮ್ಗೆ?”

“ಏನಾಯ್ತು ಅಂತ ಈಗ್ತಾನೇ ನೋಡಿದ್ರಲ್ಲ ಅತ್ತೆ.”

“ಆ ಪ್ಲಾಸ್ಟಿಕ್ ತುಂಡು ನೋಡಿ ಊರೋರೆಲ್ಲಾ ಜೋಲಿ ಬಿಚ್ಬೇಕಾ?”

“ಊರೋರ ಮಾತು ನಂಗ್ ಬೇಡ. ಇದನ್ನ ಬಿಚ್ತೀನಿ.”

“ಮಲಗಲ್ಲ ಕಣೇ ಅದು ಮಗ್ಗದ ಸದ್ದಿಲ್ದೆ. ಅತ್ತು ಅತ್ತು ಗಂಟಲು ಕಿತ್ಕೊಳ್ತದೆ.”

“ಗಂಟಲು ವಾಪಸ್ ಬರ್ತದೆ ಅತ್ತೆ.”

ಅಡುಗೆಮನೆಯ ಆಚೆಗೆ, ಎರಡು ಗೋಡೆ ದಾಟಿ, ಸೌದೆ ಇಡುವ ಕೋಣೆಯಿದೆ. ಅಲ್ಲೂ ಸದ್ದು ಬರುತ್ತದೆ, ಬಹಳ ಕಡಿಮೆ. ಗಂಡ ಸೌದೆಯನ್ನು ಅಂಗಳಕ್ಕೆ ಹೊತ್ತು ಹಾಕಿದರು. ನಾನು ತೊಲೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸಿದೆ. ಅತ್ತೆ ಹೇಳಿದ ಹಾಗೇ ಅದು ಅತ್ತಿತು. ಅತ್ತೆ ಬಾಗಿಲಲ್ಲಿ ನಿಂತು, “ಈಗ್ಲಾದ್ರೂ ಕೊಡು ಇಲ್ಲಿ” ಎಂದು ಕೈ ಚಾಚಿದರು. ನಾನು ಕೊಡಲಿಲ್ಲ. ತೂಗುತ್ತಾ ಅಲ್ಲೇ ನೆಲದ ಮೇಲೆ ಕುಳಿತೆ.